ಸುಣ್ಣ ಬಳಿದ ಚಾವಣಿ

ಸಿದ್ರಾ ಓಣಿ, ಮರ್ರಾಕೆಶ್
ರಮದಾನಿನ ಕೊನೆಯ ವಾರ

ಪ್ರೀತಿಯ ಕೆನ್ಜಾ,

ನಿನಗೂ, ನಿನ್ನ ಲಿಫ್ಟಿಗೂ, ಬಾಗಿಲ ಬುಡಕ್ಕೇ ಬರುವ ನಿನ್ನ ಬಸ್ಸಿಗೂ ನನ್ನ ಸಲಾಂ. ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಧ್ವನಿ ಕಳಿಸೋಣವೆಂದರೆ ಅಡುಗೆಮನೆಯಲ್ಲಿ ಜೋರಾಗಿ ಹಾಕಿಕೊಂಡು ನಿನ್ನ ಮಹಡಿಗೆಲ್ಲ ಕೇಳಿಸುತ್ತೀಯ. ಈ ಮಾತು ನಿನಗೊಬ್ಬಳಿಗೇ. ಅದಕ್ಕೇ ಪೆನ್ನು ಹುಡುಕಿ ತಂದು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಹೊಸ ಮನೆಯ ಎದುರಿನ ಫ್ಲ್ಯಾಟು ಖಾಲಿ ಇದೆ, ಮನೆ ಮಾರಿ ಬಂದುಬಿಡು ಎಂದು ನೀನು ವರ್ಷದಿಂದ ಹೇಳುತ್ತಿದ್ದೀಯ. ಹಬ್ಬ ಮುಗಿದ ಮಾರನೆಯ ದಿನ ನಾವು ಉತ್ತರ ಕೊಡಬೇಕು. ನೀನು ಮನೆ ಮಾರಿದಾಗ ಬೀಗದಕೈ ಇಸಿದುಕೊಂಡು ಅದನ್ನು ಹೋಟೆಲು ಮಾಡಿದನಲ್ಲ, ಆ ಮ್ಯಾನೇಜರ್ ತೌಫೀಕ್, ಅವನಿಗೆ ಈಗ ನಮ್ಮ ಮನೆಯೂ ಬೇಕಂತೆ. ನಿಮ್ಮದೂ ನಮ್ಮದೂ ಹಿಂದಿನ ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರು ಒಟ್ಟಿಗೆ ಕಟ್ಟಿಸಿದ ಜೋಡಿಮನೆ, ನಡುಗೋಡೆ ಒಡೆದರೆ ಒಂದೇ ಆಗುತ್ತದೆ ಎಂದು ಅವನ ಲೆಕ್ಕ. ನಮ್ಮ ಅಂಗಳ ಅಗೆದು ಈಜುಕೊಳ ಮಾಡುತ್ತಾರಂತೆ. ಅತ್ತೆಯ ಮೇಲ್ಕೋಣೆ ಕೆಡವಿ ಅಲ್ಲಿ ಅತಿಥಿಗಳು ಹಿಮದ ಬೆಟ್ಟ ನೋಡುತ್ತ ತಿಂಡಿ ತಿನ್ನುವ ತಾರಸಿ ಮಾಡುತ್ತಾರಂತೆ.

ನಿಜ ಹೇಳುತ್ತೇನೆ, ನನ್ನ ಮನಸ್ಸು ಮುಕ್ಕಾಲು ಪಾಲು ನಿನ್ನ ಕಡೆಗೇ ವಾಲಿತ್ತು. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಅಳುತ್ತದೆ. ಗ್ಯಾಸ್ ಸಿಲಿಂಡರ್ ಈಗಲೂ ಕೈಗಾಡಿಯಲ್ಲೇ ಬರಬೇಕು, ಆ ಗಾಡಿಗಳೆಲ್ಲ ಪ್ರವಾಸಿಗರ ಸೂಟ್‌ಕೇಸ್ ಹೊರುವುದಕ್ಕೆ ಹೋಗಿರುತ್ತವೆ. ನೀನಿದ್ದಾಗ ಕೊತ್ತಂಬರಿ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಈಗ ಚರ್ಮದ ಚೀಲ ತೂಗುಹಾಕಿದ್ದಾರೆ. ತೂತು ಕೊರೆದ ಹಿತ್ತಾಳೆ ದೀಪ ಎಷ್ಟು ಬೇಕಾದರೂ ಸಿಗುತ್ತದೆ, ಒಂದು ಹಿಡಿ ಸೊಪ್ಪಿಗೆ ಮಾತ್ರ ದೊಡ್ಡ ಚೌಕ ದಾಟಿ ಹೋಗಬೇಕು. ರೊಟ್ಟಿ ಭಟ್ಟಿಯೂ ಮುಚ್ಚಿತು. ಮನೆಯಲ್ಲಿ ಹಿಟ್ಟು ನಾದಿ, ಹಲಗೆಯ ಮೇಲಿಟ್ಟು, ಬಟ್ಟೆ ಹೊದಿಸಿ ಬೆಂಕಿಗೆ ಕಳಿಸುವ ಸುಖ ನಿನಗೆ ಗೊತ್ತಲ್ಲ. ಈಗ ಆ ಭಟ್ಟಿಯ ಬಾಯಲ್ಲಿ ಕುರ್ಚಿ ಹಾಕಿ ಕಾಫಿ ಮಾರುತ್ತಾರೆ.

ಚಳಿಗಾಲದಲ್ಲಿ ನಗರದ ಆಫೀಸಿನವನೊಬ್ಬ ನಕ್ಷೆ ಹಿಡಿದು ಬಂದಿದ್ದ. ಓಣಿಗೆ ಹೊಸ ದೀಪ, ಬಾಗಿಲಿಗೆಲ್ಲ ಒಂದೇ ಬಣ್ಣ, ಮೂಲೆಮೂಲೆಗೆ ದಾರಿ ತೋರಿಸುವ ಫಲಕ. ಉಳಿದಿರುವ ನಾಲ್ಕು ಮನೆಯ ಹೆಂಗಸರು ಸುತ್ತುವರಿದೆವು.

"ಸಾಹೇಬ್ರೆ, ಫಲಕ ಯಾಕೆ? ನಮಗೆ ನಮ್ಮನೆ ದಾರಿ ಗೊತ್ತು. ಮೊದ್ಲು ಚರಂಡಿ ಮಾಡ್ಸಿ, ಭಟ್ಟಿ ತೆರೆಸಿ" ಅಂದೆ.

"ಅಮ್ಮಾ, ಹೊರಗಿನೋರು ಬಂದ್ರೆ ತಾನೇ ಊರಿಗೆ ಅನ್ನ? ಊರು ಅಂದ್ಮೇಲೆ ನೋಡೋಕೆ ಚೆನ್ನಾಗಿರ್ಬೇಕು."

"ಬರ್ಲಿ, ಬೇಡ ಅಂದೋರ್ಯಾರು? ಆದ್ರೆ ಅವರು ನೋಡೋಕೆ ಬರೋದು ಊರನ್ನಲ್ವಾ? ನಾವೆಲ್ಲ ಎದ್ದು ಹೋದ್ರೆ ಏನನ್ನ ನೋಡ್ತಾರೆ, ನಿಮ್ಮ ಫಲಕನಾ?"

ಅವನು ಕೆಟ್ಟವನಲ್ಲ, ನಕ್ಕ, ಬರೆದುಕೊಂಡ ಕೂಡ. ದೀಪ ಬಂತು, ಬಣ್ಣ ಬಂತು, ಫಲಕವೂ ಬಂತು. ಚರಂಡಿಯ ಮೂಗು ಮುಚ್ಚಿಸುವ ವಾಸನೆ ಹೊಸ ದೀಪದ ಕೆಳಗೆ ಹಾಗೇ ಇದೆ.

ಇಷ್ಟೆಲ್ಲ ಆದ ಮೇಲೆ ಮನೆ ಬಿಡುವುದಕ್ಕೆ ನನಗೆ ಅಡ್ಡಿಯಿದ್ದದ್ದು ಅತ್ತೆಯೊಬ್ಬರೇ. ಓಣಿಯ ಹಿರಿತಲೆಯಾದ ನಮ್ಮತ್ತೆ ಲಲ್ಲಾ ಯಾಕೂತ್‌ಗೆ ಈಗ ಊಟ ಮಾಡಿದ್ದೂ ನೆನಪಿರುವುದಿಲ್ಲ. ನನ್ನ ಗಂಡ ಅಲ್ಲಾಲನನ್ನೇ ಕೆಲವೊಮ್ಮೆ ತಮ್ಮ ಗಂಡನೆಂದುಕೊಂಡು ಬೈಯುತ್ತಾರೆ, ಅವನೂ ಸುಮ್ಮನೆ ಬೈಸಿಕೊಳ್ಳುತ್ತಾನೆ. ಆದರೆ ಷಾಬಾನ್ ತಿಂಗಳು ಹುಟ್ಟಿದರೆ ಸಾಕು, ಸುಣ್ಣದ ಬಕೆಟ್ಟು ನೆನಪಾಗುತ್ತದೆ. ರಮದಾನಿಗೆ ಮುಂಚೆ ಗೋಡೆಗೆ ಸುಣ್ಣ ಎಲ್ಲರೂ ಹೊಡೆಯುತ್ತಾರೆ, ಇವರಿಗೆ ಮಾತ್ರ ಮೇಲ್ಕೋಣೆಯ ಚಾವಣಿಗೂ ಕೈ ಮೇಲೆ ಕೈ ಬಳಿಯಬೇಕು. ಮದುವೆಯಾಗಿ ಬಂದ ವರ್ಷದಿಂದ ನನ್ನ ಕುತ್ತಿಗೆ ಇದೇ ಕೆಲಸದಲ್ಲಿ ನೋಯುತ್ತಿದೆ. "ಮೇಲ್ಗಡೆ ಯಾರು ನೋಡ್ತಾರೆ ಅತ್ತೆ?" ಎಂದು ನಾನು ಗೊಣಗುವುದು, "ನೋಡ್ಬಾರ್ದು ಅಂತಾನೇ ಬಳಿಯೋದು ಕಣೇ, ಸುಮ್ನೆ ಬಳಿ" ಎಂದು ಅವರು ಗದರುವುದು. ತಾರಸಿಯ ಗೋಡೆಯಾಚೆಯಿಂದ ನೀನು ಇದನ್ನು ಕೇಳಿ ನಗುತ್ತಿದ್ದೆಯಲ್ಲ, ನೆನಪಿದೆಯಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸಂಜೆ ಉಪವಾಸ ಬಿಡುವ ಹೊತ್ತಿಗೆ ಅತ್ತೆ ಕಾಣಿಸಲಿಲ್ಲ. ಹರೀರಾ ಸಾರಿನ ದೊಡ್ಡ ಬಟ್ಟಲೂ ಇರಲಿಲ್ಲ. ನನಗೆ ಕೂಡಲೇ ಹೊಳೆಯಿತು. ರಮದಾನಿನಲ್ಲಿ ಮೊದಲ ಬಟ್ಟಲು ನಿಮ್ಮ ಮನೆಗೇ ಹೋಗುತ್ತಿದ್ದದ್ದು. ನೀನು ಮನೆ ಬಿಟ್ಟದ್ದು ಅವರ ತಲೆಯಿಂದ ಅಳಿಸಿಹೋಗಿದೆ, ಸಾರು ಕೊಡಬೇಕಾದದ್ದು ಮಾತ್ರ ಉಳಿದಿದೆ.

ಗೋಡೆ ಒಂದೇ ಆದರೂ ನಿಮ್ಮ ಬಾಗಿಲಿಗೆ ಓಣಿ ಬಳಸಿ ಹೋಗಬೇಕಲ್ಲ, ತಲೆಗೆ ಬಟ್ಟೆ ಸುತ್ತಿಕೊಂಡು ಓಡಿದೆ. ನಾನು ಓಣಿಯ ನಡುವಿನಲ್ಲಿದ್ದಾಗ ಉಪವಾಸ ಬಿಡುವ ಸೈರನ್ ಕೂಗಿತು. ಆ ಗಳಿಗೆಯಲ್ಲಿ ನಾನು ಹೊರಗಿದ್ದದ್ದು ಬದುಕಿನಲ್ಲಿ ಇದೇ ಮೊದಲು, ಕೆನ್ಜಾ. ಅಷ್ಟು ಹೊತ್ತು ಕೂಗಾಡುತ್ತಿದ್ದ ಊರು, ಆ ಸ್ಕೂಟರು, ಆ ಅಂಗಡಿ, ಆ ಡೋಲು, ಎಲ್ಲ ಒಮ್ಮೆಗೇ ನಿಂತುಹೋಯಿತು. ಇಷ್ಟು ದೊಡ್ಡ ಊರು ಒಟ್ಟಿಗೇ ಒಂದು ಗುಟುಕು ನೀರು ಕುಡಿಯುತ್ತಿತ್ತು. ಗೋಡೆಗಳಾಚೆ ಚಮಚ ತಾಗುವ ಸದ್ದು ಕೂಡ ಕೇಳುತ್ತಿತ್ತು. ಓಡುವುದನ್ನೇ ಮರೆತು ನಿಂತುಬಿಟ್ಟೆ.

ನಿಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದು ನೀನು ಅಂದಿದ್ದೆ, ನಿನ್ನ ಜೊತೆಗೆ ನಾನೂ ತುಳಿದಿರಲಿಲ್ಲ. ಮೊನ್ನೆ ತುಳಿದೆ. ಅತ್ತೆ ಒಳಗೆ, ನೀನು ಹುಟ್ಟಿದ ಆ ಉದ್ದನೆಯ ಕೋಣೆಯಲ್ಲಿ, ಮೆತ್ತೆಯ ಮೇಲೆ ಯಜಮಾನಿಯ ಹಾಗೆ ಕೂತಿದ್ದರು. ಎದುರಿಗೆ ವಿದೇಶಿ ಗಂಡಹೆಂಡಿರು. ಅತ್ತೆ ಆ ಹೆಂಗಸಿನ ಕೈಗೆ ಬಟ್ಟಲು ಕೊಟ್ಟು, "ಕುಡಿ ಮಗಳೇ, ಬಡಕಲಾಗಿದ್ದೀಯ, ನಿಮ್ಮತ್ತೆ ಊಟ ಹಾಕಲ್ವಾ?" ಎಂದು ಕೇಳುತ್ತಿದ್ದರು. ಅವಳಿಗೆ ಒಂದಕ್ಷರವೂ ತಿಳಿಯದಿದ್ದರೂ ಕಣ್ಣು ತುಂಬಿಕೊಂಡು ಕುಡಿಯುತ್ತಿದ್ದಳು.

ತೌಫೀಕ್ ಕುಣಿದಾಡುತ್ತಿದ್ದ. "ಬತೂಲಕ್ಕಾ, ಅಜ್ಜಿನ ದಿನಾ ಕಳಿಸ್ರಿ! ಅತಿಥಿಗಳಿಗೆ ಇಂಥದ್ದೇ ಬೇಕು. ನಾನು ಕಾರ್ಡಲ್ಲಿ ಹಾಕಿಸ್ತೀನಿ, ನೆರೆಮನೆ ಅಜ್ಜಿಯ ಸಾರು ಅಂತ."

"ನೆರೆಮನೇನ ಈಜುಕೊಳ ಮಾಡಿದ್ಮೇಲೆ ಅಜ್ಜಿ ಎಲ್ಲಿಂದ ಬರ್ಬೇಕಪ್ಪಾ, ಈಜ್ಕೊಂಡಾ?" ಅಂದೆ. ಪಾಪ, ಕಿವಿ ಕೆಂಪಾಯಿತು ಅವನಿಗೆ.

ಆಗ ಆ ಗಂಡಸು ತಲೆ ಹಿಂದಕ್ಕೆ ಹಾಕಿ ಮೇಲೆ ನೋಡುತ್ತಿದ್ದದ್ದು ಕಣ್ಣಿಗೆ ಬಿತ್ತು. ನಾನೂ ನೋಡಿದೆ.

ಹೇಗೆ ಹೇಳಲಿ, ಕೆನ್ಜಾ. ನೀನು ಕೂತಿದ್ದೀಯ ತಾನೆ? ನಿಮ್ಮ ಕೋಣೆಯ ಆ ಬೋಳು ಬಿಳಿ ಚಾವಣಿ ಈಗಿಲ್ಲ. ಅದನ್ನು ಕೆರೆದಿದ್ದಾರೆ. ಸುಣ್ಣದ ಕೆಳಗೆ ದೇವದಾರು ಹಲಗೆ, ಹಲಗೆಯ ತುಂಬ ಬಣ್ಣ. ಈ ಗೋಡೆಯಿಂದ ಆ ಗೋಡೆಯವರೆಗೆ ನಕ್ಷತ್ರ, ನಕ್ಷತ್ರದ ಹೊಟ್ಟೆಯೊಳಗೆ ಹೂವು, ಹೂವಿನ ಸುತ್ತ ಮತ್ತೆ ನಕ್ಷತ್ರ. ಕಾವಿಯ ಕೆಂಪು, ಪಿಸ್ತಾದ ಹಸಿರು, ಒಂದು ನೀಲಿ ಇದೆ, ಅಂಥ ನೀಲಿಯನ್ನು ನಾನು ಬಟ್ಟೆಯಲ್ಲೂ ಕಂಡಿಲ್ಲ. ಒಂದು ಗೆರೆ ಹಿಡಿದು ಕಣ್ಣು ಓಡಿಸಿದರೆ ಅದು ಎಲ್ಲೂ ಮುಗಿಯುವುದೇ ಇಲ್ಲ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಯಾವ ಕೈ ಇದನ್ನು ಬರೆಯಿತೋ, ಎಷ್ಟು ಕಾಲ ಅಂಗಾತ ಮಲಗಿ ಬರೆಯಿತೋ. ದೇವರ ಹೆಸರು ತಾನಾಗಿ ಬಾಯಿಗೆ ಬಂತು. ನಾವಿಬ್ಬರೂ ಅದರ ಕೆಳಗೆ ಅವರೆ ಬಿಡಿಸುತ್ತ, ಗಂಡಂದಿರನ್ನು ಬೈಯುತ್ತ, ನಿನ್ನ ಮಕ್ಕಳಿಗೆ ಹೇನು ತೆಗೆಯುತ್ತ ಎಷ್ಟು ಮಧ್ಯಾಹ್ನ ಕಳೆದಿಲ್ಲ!

"ಆರು ಜನ ಸಣ್ಣ ಸಣ್ಣ ಚಾಕು ಹಿಡ್ಕೊಂಡು ಕೆರೆದ್ರು ಅಕ್ಕ" ಎಂದ ತೌಫೀಕ್, ಈ ಸಲ ಮೆಲ್ಲಗೆ. "ನಾವು ಬರ್ದೇ ಇದ್ದಿದ್ರೆ ಇದು ಸುಣ್ಣದ ಕೆಳಗೇ ಸತ್ತೋಗ್ತಿತ್ತು. ನೀವೇ ಹೇಳಿ, ನಾವು ಮಾಡಿದ್ದು ತಪ್ಪಾ?"

ಅವನ ಮಾತಿನಲ್ಲಿ ನಿಜವಿತ್ತು. ನಿಮ್ಮಮ್ಮ ಆ ಕೋಣೆಯಲ್ಲಿ ಮಳೆಯ ಸೋರಿಕೆಗೆ ಪಾತ್ರೆ ಇಡುತ್ತಿದ್ದರು, ಈಗ ಅಲ್ಲಿ ಒಂದು ಹನಿ ಸೋರುವುದಿಲ್ಲ. ನಿಮ್ಮ ಒಣಗಿದ ಕಾರಂಜಿಯಲ್ಲಿ ನೀರು ಹಾಡುತ್ತಿದೆ. ಅಷ್ಟರಲ್ಲಿ ಅತ್ತೆಯೂ ತಲೆಯೆತ್ತಿದರು. ನೋಡಿದವರೇ ಎದೆಗೆ ಕೈ ಹಚ್ಚಿಕೊಂಡು ಎದ್ದುಬಿಟ್ಟರು.

"ಅಯ್ಯೋ! ಸುಣ್ಣ ಉದುರ್ಹೋಗಿದೆ! ಬಾಗ್ಲು ಹಾಕ್ರೇ, ಯಾರಾದ್ರೂ ನೋಡ್ತಾರೆ! ಬಕೆಟ್ ತನ್ರೇ, ಬೇಗ ಬಳೀರಿ!"

ತೌಫೀಕ್ ಅತಿಥಿಗಳಿಗೆ ಅವರ ಭಾಷೆಯಲ್ಲಿ ಹೇಳಿದ, ಅವರು ಪ್ರೀತಿಯಿಂದಲೇ ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆ ಆಗಲೇ ಬಕೆಟ್ಟು ಹುಡುಕುತ್ತ ಕಾರಂಜಿಯ ಕಡೆಗೆ ಹೊರಟಿದ್ದರು, ಹೋಗಿ ಕೈ ಹಿಡಿದುಕೊಂಡೆ.

ಮನೆಗೆ ಕರೆತಂದು ಖರ್ಜೂರ ತಿನ್ನಿಸಿ ನೀರು ಕೊಟ್ಟೆ. ಕೇಳುವ ಮೊದಲೇ ಶುರುಮಾಡಿದರು. ನಿನ್ನೆಯ ವಿಷಯ ಮರೆತರೂ ಹಳೆಯದು ಅವರಿಗೆ ಕನ್ನಡಿಯಷ್ಟು ಸ್ವಚ್ಛ.

"ನಾನು ಹೊಸ ಮದುವಣಗಿತ್ತಿ. ಆಗ ಊರಿಗೊಬ್ಬ ದೊಡ್ಡ ಮನುಷ್ಯ ಇದ್ದ. ಯಾರ ಮನೇಗಾದ್ರೂ ಬಂದು, ಮೇಲೆ ನೋಡಿ, 'ಮನೆ ಚೆನ್ನಾಗಿದೆ' ಅಂದ್ನೋ, ಮುಗೀತು. ಮುಂದಿನ ಶುಕ್ರವಾರಕ್ಕೆ ಆ ಮನೆಯೋರು ಬೀದೀಲಿ. ಅವನು ನಮ್ಮೋಣಿಗೆ ಬರ್ತಾನೆ ಅಂತ ಸುದ್ದಿ ಬಂತು. ಕೆನ್ಜಾಳ ಅಜ್ಜಿ ತೋಳೇರಿಸಿ ನಿಂತ್ಳು ನೋಡು, ಗಂಡಸ್ರು ಬೇಡ ಬೇಡ ಅಂತ ಅಳ್ತಿದ್ರು, ಹೆಂಗಸ್ರೆಲ್ಲ ಸೇರಿ ಸುಣ್ಣ ಬಳಿದ್ವಿ. ಬಂದ. ಮೇಲೆ ನೋಡ್ದ. ಬರೀ ಬಿಳಿ. ಚಹಾ ಕುಡ್ದು ಹೋದ."

"ಅವನು ಸತ್ಮೇಲೆ ಕೆರೆಸ್ಬಹುದಿತ್ತಲ್ಲ ಅತ್ತೆ?"

"ಇನ್ನೊಬ್ಬ ಬಂದ್ರೆ? ನೋಡೋಕೆ ಚೆನ್ನಾಗಿದ್ರೆ ಕಿತ್ಕೋತಾರೆ ಕಣೇ. ಇರೋಕೆ ಚೆನ್ನಾಗಿದ್ರೆ ಯಾರೂ ಕೇಳಕ್ಕೆ ಬರಲ್ಲ."

ನಮ್ಮ ಮನೆಯಲ್ಲೂ ಹಾಗೇ ಮಾಡಿದರಾ ಎಂದು ಕೇಳಿದೆ. ನಿದ್ದೆ ಬಂತು ಎಂದು ಮಗ್ಗುಲಾದರು.

ಅಳಬೇಡ, ಕೆನ್ಜಾ. ನೀನು ಅಳುತ್ತಿದ್ದೀಯ ಎಂದು ನನಗೆ ಗೊತ್ತು. ನೀನು ಮಾರಿದ್ದು ತಪ್ಪಲ್ಲ. ನಿನ್ನ ತಮ್ಮಂದಿರಿಗೆ ಪಾಲು ಬೇಕಿತ್ತು, ನಿನಗೂ ಸೋರದ ಸೂರು ಬೇಕಿತ್ತು. ನಿಮ್ಮಮ್ಮನಿಗೂ ಗೊತ್ತಿಲ್ಲದ ಗುಟ್ಟು ನಿನಗೆ ಹೇಗೆ ಗೊತ್ತಿರುತ್ತದೆ? ಬೇರೆ ಯಾರದೋ ಬಾಯಿಂದ ಅರ್ಧಂಬರ್ಧ ಕೇಳುವ ಬದಲು ನನ್ನಿಂದ ಪೂರ್ತಿ ಕೇಳಿಕೊಳ್ಳುವೆಯಲ್ಲ ಎಂದು ಬರೆದೆ.

ನಾವು ಬರುತ್ತಿಲ್ಲ. ಮನೆ ಕೊಡುವುದಿಲ್ಲ ಎಂದು ನಿನ್ನೆಯೇ ಅಲ್ಲಾಲನ ಕೈಯಲ್ಲಿ ಹೇಳಿ ಕಳಿಸಿದೆ. ಅತ್ತೆಗೆ ಲಿಫ್ಟು ಒಗ್ಗುವುದಿಲ್ಲ, ಹೊಸ ಜಾಗದಲ್ಲಿ ದಾರಿ ತಪ್ಪುತ್ತಾರೆ, ಅದೇ ಕಾರಣ ಎಂದುಕೊ. ಅಲ್ಲಾಲ ಮುಖ ಊದಿಸಿಕೊಂಡಿದ್ದಾನೆ. "ನಿನ್ನ ಮಂಡಿ ನೋವು ಅಂತ ಇನ್ಮೇಲೆ ನನ್ನತ್ರ ಅಳ್ಬೇಡ" ಎಂದ. ಅಳುವುದಿಲ್ಲ. ಚರಂಡಿಗಾಗಿ, ಭಟ್ಟಿಗಾಗಿ ಆ ಆಫೀಸಿನವನ ಹತ್ತಿರ ಮಾತ್ರ ಹಬ್ಬ ಕಳೆದ ಮೇಲೆ ದಿನಾ ಹೋಗಿ ಅಳುತ್ತೇನೆ, ಉಳಿದ ಮೂರು ಮನೆಯವರನ್ನೂ ಕಟ್ಟಿಕೊಂಡು.

ಹಬ್ಬಕ್ಕೆ ನೀನು ಬರಲೇಬೇಕು. ಹೋಟೆಲಿಗಲ್ಲ, ನಮ್ಮ ಮನೆಗೆ. ಮೇಲ್ಕೋಣೆಯಲ್ಲಿ ನಿನಗೆ ಹಾಸಿಗೆ ಹಾಸಿರುತ್ತೇನೆ.

ಎಂದಿಗೂ ನಿನ್ನ ಗೋಡೆಯಾಚೆಯವಳೇ ಆದ,
ಬತೂಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿದೆ. ಇವತ್ತು ಮಧ್ಯಾಹ್ನ ಅಲ್ಲಾಲ ಮಸೀದಿಗೆ ಹೋದಾಗ ಏಣಿ ಹಾಕಿಕೊಂಡು ಮೇಲ್ಕೋಣೆಯ ಮೂಲೆಯಲ್ಲಿ ಚಾಕುವಿನಿಂದ ಕೆರೆದೆ. ನಾನೇ ಬಳಿದ ಸುಣ್ಣ ಪದರ ಪದರವಾಗಿ ಕಣ್ಣಿಗೆ ಉದುರಿತು. ಕೊನೆಗೆ ಒಂದು ಹೆಬ್ಬೆರಳಗಲ ಜಾಗ ತೆರೆಯಿತು. ಅದೇ ನೀಲಿ, ಕೆನ್ಜಾ. ಅದರಲ್ಲಿ ಒಂದು ನಕ್ಷತ್ರದ ತುದಿ. ಏಣಿಯ ಮೇಲೆ ಚಾವಣಿಗೆ ಹಣೆಯೂರಿ ನಿಂತೆ. ಕೆಳಗೆ ನೋಡಿದರೆ ಅತ್ತೆ, ಸುಣ್ಣ ಕಲಸಿದ ಬಕೆಟ್ಟು ಹಿಡಿದು ನಿಂತಿದ್ದಾರೆ. ಯಾವಾಗ ಕಲಸಿದರೋ! ಕುಂಚ ಮೇಲಕ್ಕೆ ಕೊಟ್ಟು, "ನೋಡಿದ್ಯಲ್ಲ? ಸಾಕು. ದಪ್ಪಗೆ ಬಳಿ" ಎಂದರು. ದಪ್ಪಗೇ ಬಳಿದಿದ್ದೇನೆ. ಅಲ್ಲಾಲನಿಗೂ ಹೇಳಿಲ್ಲ. ಈ ಕಾಗದ ಹರಿದುಹಾಕು.