ಗಾಳಿ ಬೀಸಿದತ್ತ ತಿರುಗುವ ಶಾಲೆ

ದಾರಿಫಲಕಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಚಾಮರಾಜನಗರದಲ್ಲಿ ತಾವು ನಿಲ್ಲಿಸಿರುವ ‘ಪರೀಕ್ಷಾ ಕೇಂದ್ರಕ್ಕೆ ದಾರಿ’ ಎಂಬ ಫಲಕವನ್ನು ನಂಬಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ನಾನು ರೇಷ್ಮೆಗೂಡಿನ ಮಾರುಕಟ್ಟೆ ತಲುಪಿದೆ. ಒಂದು ಸಲವಲ್ಲ, ಮೂರು ಸಲ.

ನಾನು ಗುಂಡ್ಲುಪೇಟೆಯವಳು, ರವಿಕೆ ಹೊಲಿಯುವವಳು, ವಯಸ್ಸು ಐವತ್ತೆರಡು. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದೆ. ಮಗಳು ಮಿಸ್ಬಾಳ ಹಳೆಯ ಪುಸ್ತಕಗಳನ್ನು ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಓದಿ, ಈ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದೆ. ಮದುವೆ ಬಟ್ಟೆಗೆ ಮೈಸೂರು, ನೆಂಟರ ಮನೆಗೆ ಸುಲ್ತಾನ್ ಬತ್ತೇರಿ ನೋಡಿದವಳಿಗೆ ನಮ್ಮದೇ ಜಿಲ್ಲಾ ಕೇಂದ್ರದಲ್ಲಿ ಇಳಿಯುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಮಗಳು ಜೊತೆಗೆ ಬರುತ್ತೇನೆಂದಳು. ಬೋರ್ಡು ಓದಲು ನನಗೆ ಬರುತ್ತದೆ, ನೀನೇನೂ ಬರಬೇಡ ಎಂದು ಬೀಗಿ ಒಬ್ಬಳೇ ಬಸ್ ಹತ್ತಿದೆ. ಮಾನ್ಯರೇ, ಓದಲು ಬಾರದಿದ್ದರೆ ಅಂದು ನಾನು ಸರಿಯಾದ ದಾರಿಯಲ್ಲೇ ಹೋಗುತ್ತಿದ್ದೆ, ಯಾರನ್ನಾದರೂ ಕೇಳುತ್ತಿದ್ದೆನಲ್ಲ.

ತಮ್ಮ ಬಾಣದ ಗುರುತು ಎಡಕ್ಕೆ ಎಂದಿತು; ಎಡಕ್ಕೆ ಹೋದೆ. ಗೂಡಿನ ಮಾರುಕಟ್ಟೆ. ನಾನೇ ತಪ್ಪು ಓದಿದೆನೇನೋ ಎಂದು ಹಿಂದಿರುಗಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಸರ್ಕಾರ ಸುಳ್ಳು ಬರೆದೀತೇ? ಮತ್ತೆ ಎಡಕ್ಕೆ. ಮೂರನೆಯ ಸಲಕ್ಕೆ ಗಂಟೆ ಹತ್ತಾಗಿತ್ತು. ಪರೀಕ್ಷೆಗೆ ಉಳಿದದ್ದು ಅರ್ಧ ಗಂಟೆ. ಒಂದು ವರ್ಷದ ಓದು ಬೀದಿಪಾಲಾಯಿತೆಂದು ಕಣ್ಣು ತುಂಬಿಕೊಂಡಿತು. ಅಲ್ಲಿ ಗೂಡಿನ ಚೀಲಗಳ ಪಕ್ಕ ಕೂತಿದ್ದ ಚಂದಕವಾಡಿಯ ದೊಡ್ಡಮಾದಮ್ಮ ಎಂಬ ಹಿರಿಯರು ನನ್ನನ್ನು ಕರೆದರು.

“ಯಾಕಮ್ಮಿ, ಮೂರು ಸತಿ ಬಂದೆ, ಗೂಡು ಮಾತ್ರ ತಂದಿಲ್ವಲ್ಲ?”

ವಿಷಯ ಹೇಳಿದೆ. ಅವರು ನಕ್ಕರು. “ಆ ಬೋರ್ಡಿನ ಬೋಲ್ಟು ಸಡ್ಲ ಆಗ್ಬುಟ್ಟದೆ ಕಣಮ್ಮಿ. ಗಾಳಿ ಯಾವ ಕಡೀಕೆ ಬೀಸ್ತದೋ ಇಸ್ಕೂಲು ಆ ಕಡೀಕೆ. ಬಾ, ಓಗನ.”

“ನಿಮ್ಮ ಗೂಡು?”

“ಅದೇನ್ ಎದ್ದು ಓಡೋಯ್ತದಾ?”

ಚೀಲಗಳನ್ನು ಪಕ್ಕದವರಿಗೆ ಒಪ್ಪಿಸಿ, ನನ್ನ ಕೈ ಹಿಡಿದು ನಡೆದೇಬಿಟ್ಟರು. ಎಪ್ಪತ್ತು ದಾಟಿದ ಅವರ ನಡಿಗೆಗೆ ನಾನು ಓಡಬೇಕಾಯಿತು. ಗೇಟು ಮುಚ್ಚುತ್ತಿದ್ದ ಕಾವಲುಗಾರರು ನನ್ನನ್ನು ತಡೆದು, “ಪೋಷಕರು ಹೊರಗೇ ನಿಲ್ಲಬೇಕು” ಎಂದರು.

“ಪೋಸಕ್ರು ನಾನು ಕಣಪ್ಪ,” ಎಂದರು ದೊಡ್ಡಮಾದಮ್ಮ. “ಬರೆಯೋ ಮಗ ಇವ್ಳು. ಒಳೀಕೆ ಬುಡು.”

ಬಿಟ್ಟರು. ಅಂದು ಕನ್ನಡ ಪತ್ರಿಕೆ. ತೆರೆದರೆ, ‘ಸಾರ್ವಜನಿಕ ಸಮಸ್ಯೆಯೊಂದರ ಬಗ್ಗೆ ಸಂಬಂಧಪಟ್ಟ ಅಧಿಕಾರಿಗೆ ಪತ್ರ ಬರೆಯಿರಿ’ ಎಂಬ ಪ್ರಶ್ನೆ. ಅಕ್ಕಪಕ್ಕದ ಮಕ್ಕಳು ಪೆನ್ನು ಕಚ್ಚುತ್ತ ಸಮಸ್ಯೆ ಹುಡುಕುತ್ತಿದ್ದರು. ನಾನು ಹೆಚ್ಚುವರಿ ಹಾಳೆ ಕೇಳಿದೆ. ಫಲಿತಾಂಶ ಬಂದಿದೆ, ಪಾಸಾಗಿದ್ದೇನೆ. ಕನ್ನಡದಲ್ಲೇ ಹೆಚ್ಚು ಅಂಕ. ಅದರಲ್ಲಿ ತಮ್ಮ ಪಾಲೂ ಇದೆಯೆಂದು ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಆ ಪತ್ರ ಮೌಲ್ಯಮಾಪಕರನ್ನು ಮುಟ್ಟಿತೇ ಹೊರತು ತಮ್ಮನ್ನಲ್ಲ. ಆದ್ದರಿಂದ ಈ ಎರಡನೆಯ ಪ್ರತಿ.

ನನ್ನನ್ನು ನೋಡಿ ನಮ್ಮ ಬೀದಿಯಲ್ಲಿ ಹೂ ಕಟ್ಟುವ ನಾಗಮಣಿಯೂ ಮುಂದಿನ ಪರೀಕ್ಷೆಗೆ ಕಟ್ಟಿದ್ದಾಳೆ. ಅವಳು ಬರುವುದರೊಳಗೆ ಆ ಬೋಲ್ಟನ್ನು ಬಿಗಿ ಮಾಡಿಸಿ. ಸಮಿತಿ, ಸಮೀಕ್ಷೆ, ಟೆಂಡರು ಯಾವುದೂ ಬೇಡ. ಒಂದು ಸ್ಪ್ಯಾನರ್ ಸಾಕು. ಅದಕ್ಕೂ ತಮಗೆ ಬಿಡುವಿಲ್ಲವಾದರೆ ಒಂದು ಮಾತು ತಿಳಿಸಿ. ಸ್ಪ್ಯಾನರ್ ನಾವೇ ತರುತ್ತೇವೆ. ಯಾವ ಕಡೆಗೆ ತಿರುಗಿಸಬೇಕೆಂಬುದು ನನಗೀಗ ಚೆನ್ನಾಗಿ ಗೊತ್ತು.

ಇಂತಿ,
ಓದು ಕಲಿತು ದಾರಿ ತಪ್ಪಿದ
ಮೈಮುನಾ, ಎಸ್ಸೆಸ್ಸೆಲ್ಸಿ ಪಾಸ್,
ಗುಂಡ್ಲುಪೇಟೆ