ಪೆಟ್ಟಿಗೆಯ ಹಿಂದಿನ ಖಾಲಿ ಜಾಗ

ಫೆಬ್ರವರಿ 6, ಮಂಗಳವಾರ

ಇವತ್ತೂ ತಲೆ ಬೀಳಿಸುವುದೇ ಕೆಲಸ. ಗೊಂಬೆಯ ತಲೆ — ಮೇಲೆ ರಬ್ಬರ್ ಚರ್ಮ, ಒಳಗೆ ಲೋಹ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೀಳಿಸು, ಕಂಪ್ಯೂಟರ್‌ನಲ್ಲಿ ಪೆಟ್ಟಿನ ಗೆರೆ ಎಷ್ಟು ಎತ್ತರ ಜಿಗಿಯಿತು ನೋಡು, ಮತ್ತೆ ಎತ್ತು. ಸಂಜೆಯಾದರೆ ಟೆಸ್ಟ್ ಲ್ಯಾಬಿನ ಹಿರಿಯರು ಅದರ ಹಣೆ ಒರೆಸಿ, ಬಟ್ಟೆ ಹೊದಿಸಿ ಮಲಗಿಸುತ್ತಾರೆ. ಅದಕ್ಕೇ ಅವರಿಗೆ ಗೊಂಬೆಯಪ್ಪ ಅಂತ ಹೆಸರು. ಎದುರಿಗೇ ಕರೆದರೂ ಬೇಜಾರಿಲ್ಲ.

ಮಧ್ಯಾಹ್ನದ ಮೇಲೆ ಗೆರೆ ತಗ್ಗಿತು. ಗೊಂಬೆಯಪ್ಪ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಪಾಸಾದ್ಯಲ್ಲಮ್ಮ" ಅಂದರು. ಕಣ್ಣು ತುಂಬಿ ಬಂತು, ಅವರಿಗೆ ಕಾಣದ ಹಾಗೆ ಆ ಕಡೆ ತಿರುಗಿದೆ.

ಮನೆಗೆ ಬಂದರೆ ಅಮ್ಮ, "ವರ್ಷದಿಂದ ಅದೇನು ಕಡಿದು ಕಟ್ಟೆ ಹಾಕ್ತಿದ್ದೀಯೆ?" ಅಂದಳು. ಚಪ್ಪಲಿ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟು ತೋರಿಸಿದೆ.

"ಈ ಡಬ್ಬಿ ಒಳಗೆ ಏರ್‌ಬ್ಯಾಗ್ ಮಡಚಿಟ್ಟಿರ್ತಾರೆ. ದೊಡ್ಡ ಆಕ್ಸಿಡೆಂಟ್ ಆದ್ರೆ ಸಿಡಿದು ಹೊರಗೆ ಬರುತ್ತೆ. ಸಣ್ಣ ಡಿಕ್ಕಿ ಆದ್ರೆ ಬರಲ್ಲ. ಆಗ ಮುಂದೆ ಕೂತವರ ಹಣೆ ಹೋಗಿ ಬಡಿಯೋದು ಡಬ್ಬಿ ಇರೋ ಜಾಗಕ್ಕೇ. ಡಬ್ಬಿ ಲೋಹದ್ದು."

"ಅಯ್ಯೋ. ಕಾಪಾಡೋಕೆ ಇಟ್ಟಿದ್ದೇ ತಲೆ ಒಡೆಯುತ್ತಾ?"

"ಅದಕ್ಕೇ ಹಿಂದೆ ಖಾಲಿ ಜಾಗ ಬಿಟ್ಟಿದ್ದೀನಿ. ಹಣೆ ತಾಗಿದ ತಕ್ಷಣ ನನ್ನ ಕಾಲುಗಳು ಮಡಚ್ಕೊಂಡು ಡಬ್ಬಿ ಹಿಂದಕ್ಕೆ ಸರಿಯುತ್ತೆ."

"ನಿನ್ನ ಕಾಲಾ?"

"ಡಬ್ಬಿ ಹಿಡ್ಕೊಳ್ಳೋ ಬ್ರ್ಯಾಕೆಟ್ ಕಾಲು ಅಮ್ಮ."

ಹಳೆಯ ಬ್ರ್ಯಾಕೆಟ್ಟಿಗೆ ಹಿಡಿ ತುಂಬ ಸ್ಪ್ರಿಂಗು, ಬೋಲ್ಟು, ವಾಷರ್ರು. ನನ್ನದು ಒಂದೇ ತಗಡು, ಅದರಲ್ಲೇ ಕತ್ತರಿಸಿ ಬಗ್ಗಿಸಿದ ನಾಲ್ಕು ಕಾಲು. ಬ್ಯಾಗ್ ಸಿಡಿದು ಎಳೆದರೆ ಬಿಡಬಾರದು, ತಲೆ ಬಂದು ತಳ್ಳಿದರೆ ತಡೆಯಬಾರದು. ಅಷ್ಟೇ. ಅಷ್ಟಕ್ಕೇ ಒಂದು ವರ್ಷ.

ಆಗಸ್ಟ್ 11, ಭಾನುವಾರ

ಭಾವ ಹೊಸ ಕಾರು ತಂದರು. ನಮ್ಮ ಏರ್‌ಬ್ಯಾಗ್ ಪೆಟ್ಟಿಗೆ ಕೂರಿಸಿದ ಮಾಡೆಲ್ಲೇ. "ನಾದಿನಿ ಮಾಡಿದ್ದು ಬಿಟ್ಟು ಬೇರೆಯವರದ್ದು ಯಾಕೆ ತರ್ಲಿ" ಅಂತ ಬಣ್ಣದ ಮಾತು. ಅಕ್ಕ ಮೂಗು ಮುರಿದಳು — ಡಿಸ್ಕೌಂಟ್ ಇತ್ತಂತೆ.

ಅಮ್ಮನದು ಯಾವತ್ತೂ ಮುಂದಿನ ಸೀಟು. ಬಲ ಮಂಡಿ ಬಗ್ಗುವುದಿಲ್ಲ, ಹಿಂದೆ ಕೂರಲಾಗುವುದಿಲ್ಲ. ಕುಳ್ಳಿ ಬೇರೆ. ದಿಂಬು ಹಾಕಿಕೊಂಡು, ಮುಂದಕ್ಕೆ ಬಾಗಿ, ಹೆಚ್ಚುಕಡಿಮೆ ಗಾಜಿಗೆ ಮೂಗು ತಾಗಿಸಿ ರಸ್ತೆ ನೋಡುತ್ತಾಳೆ. ಲ್ಯಾಬಿನಲ್ಲಿ ನಾವು ಅತಿ ಕೆಟ್ಟದ್ದು ಅಂತ ಗುರುತು ಹಾಕಿಕೊಂಡ ಭಂಗಿ ಅದೇ. ಗೊಂಬೆ ಕೂರಿಸುವಾಗೆಲ್ಲ ಅವಳದೇ ನೆನಪು.

"ನೀನು ಮಾಡಿದ್ದು ಎಲ್ಲಿದೆ ತೋರ್ಸೆ."

"ಕಾಣಲ್ಲ ಅಮ್ಮ. ಡ್ಯಾಶ್‌ಬೋರ್ಡಿನ ಮುಚ್ಚಳದ ಹಿಂದಿದೆ."

"ಕಾಣದೇ ಇರೋದಕ್ಕೆ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು."

ಸೆಪ್ಟೆಂಬರ್ 23, ಸೋಮವಾರ

ಕಟಕಟ. ಎಲ್ಲರ ಬಾಯಲ್ಲೂ ಅದೇ. ರಸ್ತೆ ಕೆಟ್ಟಿದ್ದರೆ ಡ್ಯಾಶ್‌ಬೋರ್ಡ್ ಒಳಗಿಂದ ಸದ್ದು. ಭಾವನ ಕಾರಲ್ಲೂ ಬರುತ್ತೆ. ನನ್ನ ಕಾಲುಗಳೇ — ತೆಳ್ಳಗಿವೆ, ನಡುಗುತ್ತವೆ. ಅಪಾಯ ಏನಿಲ್ಲ, ಕಿರಿಕಿರಿ ಅಷ್ಟೆ. ಆದರೆ ಕಾರು ಕಂಪನಿಗೆ ದೂರಿನ ಸುರಿಮಳೆ.

ಬಿಡಿಭಾಗ ಮಾಡಿಕೊಡುವ ನಮ್ಮ ಕಂಪನಿಯ ಸಾಹೇಬರು ಗ್ಯಾರೇಜುಗಳಿಗೆಲ್ಲ ಸರ್ಕ್ಯುಲರ್ ಸಿದ್ಧ ಮಾಡಿಸಿ ನನಗೆ ತೋರಿಸಿದರು. "ಸದ್ದು ಬಂದಲ್ಲಿ ಸೂಕ್ತ ಪ್ಯಾಕಿಂಗ್ ಬಳಸುವುದು."

"ಸೂಕ್ತ ಅಂದ್ರೆ? ಮೆತ್ತನೆ ಫೋಮು, ಅಂಚಿಗೆ ಮಾತ್ರ, ಹಿಂದಿನ ಜಾಗ ಮುಚ್ಚಬಾರದು ಅಂತ ಬರೀಬೇಕು ಸಾರ್."

"ಅಷ್ಟೆಲ್ಲ ಬರೆದ್ರೆ ಡಿಸೈನಲ್ಲಿ ದೋಷ ಇದೆ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ ಕಣ್ರೀ. ಅವರೇನು ದಡ್ಡರಾ?"

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನನ್ನ ಪ್ರಮೋಷನ್ ಫೈಲು ಅವರ ಮೇಜಿನ ಮೇಲಿತ್ತು.

ಅಕ್ಟೋಬರ್ 13, ಭಾನುವಾರ

ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಭಾವ ಬೇಕಂತಲೇ ರೈಲ್ವೆ ಗೇಟಿನ ಹೊಂಡದ ರಸ್ತೆ ಹಿಡಿದರು.

"ಕೇಳಿಸ್ತಾ?"

"ಏನು ಭಾವ?"

"ಅದೇ. ಏನೂ ಕೇಳಿಸ್ತಿಲ್ಲ ಅಲ್ವಾ? ನಮ್ಮ ಗ್ಯಾರೇಜಿನವನು ಚಿಟಿಕೆ ಹೊಡೆಯೋದ್ರೊಳಗೆ ನಿಲ್ಲಿಸಿಬಿಟ್ಟ. ನೀವು ಇಂಜಿನಿಯರ್‌ಗಳು ಇಷ್ಟು ಜನ ಇದ್ದೀರಿ..."

ಕಾರು ನಿಂತ ಮೇಲೆ ಗ್ಲವ್‌ಬಾಕ್ಸ್ ಬಿಚ್ಚಿ ಒಳಗೆ ಕೈ ಹಾಕಿದೆ. ಬೆರಳಿಗೆ ರಬ್ಬರ್ ತಾಗಿತು. ಲಾರಿ ಟೈರಿನ ತುಂಡು. ಪೆಟ್ಟಿಗೆಗೂ ಹಿಂದಿನ ಅಡ್ಡಪಟ್ಟಿಗೂ ನಡುವೆ, ನಾನು ಬಿಟ್ಟ ಖಾಲಿ ಜಾಗದಲ್ಲಿ, ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದಾನೆ.

ಅಮ್ಮ ಪಕ್ಕದಲ್ಲೇ ದಿಂಬಿನ ಮೇಲೆ ಕೂತು ನಗುತ್ತಿದ್ದಳು. "ಏನೇ, ನಿನ್ನ ಕಾಲು ಸಿಕ್ತಾ?"

ರಬ್ಬರ್ ಕಿತ್ತೆ. ಉಗುರು ಹರಿಯಿತು. ಭಾವ ಮುಖ ಊದಿಸಿಕೊಂಡು ಕೂತರು. ಕಾರಣ ಹೇಳಿದೆ, ಬಿಡಿಸಿ ಬಿಡಿಸಿ ಹೇಳಿದೆ. ತಲೆ ಆಡಿಸಿದರು.

ಅಕ್ಟೋಬರ್ 15, ಮಂಗಳವಾರ

ಆ ತುಂಡನ್ನೇ ಲ್ಯಾಬಿಗೆ ಒಯ್ದೆ. ಗೊಂಬೆಯಪ್ಪ ಮೂಸಿ ನೋಡಿದರು. "ಇದನ್ನ ತುರುಕಿದ್ದಾನಾ? ಯಾವ ಮಹಾನುಭಾವ?"

ತಲೆ ಬೀಳಿಸಿದೆವು. ಗೆರೆ ಪರದೆ ದಾಟಿ ಹೋಯಿತು. ಪೆಟ್ಟಿಗೆ ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ.

"ಒಂದು ಬ್ಯಾಗೂ ಸಿಡಿಸಿ ನೋಡೋಣ" ಅಂದರು. ಬೇಡ ಅನ್ನೋಣ ಅನ್ನಿಸಿತು. ಗೊಂಬೆಗೆ ಬೆಲ್ಟ್ ಹಾಕಿ ಕೂರಿಸಿದರು. ಸಿಡಿಯಿತು. ರಬ್ಬರ್ ಒಂದು ಪಕ್ಕ ಒತ್ತಿ ಹಿಡಿದದ್ದಕ್ಕೆ ಪೆಟ್ಟಿಗೆ ವಾರೆಯಾಗಿ, ಮುಚ್ಚಳ ಹರಿಯಬೇಕಾದ ಗೆರೆಯಲ್ಲಿ ಹರಿಯದೆ ಇಡಿಯಾಗಿ ಕಿತ್ತು ಬಂತು. ಗೊಂಬೆಯ ಕೆನ್ನೆಯಿಂದ ಕಿವಿಯ ತನಕ ಸೀಳು.

ಗೊಂಬೆಯಪ್ಪ ದಿನಾ ಮಾಡುವ ಹಾಗೆ ಮುಖ ಒರೆಸಲು ಬಟ್ಟೆ ಎತ್ತಿಕೊಂಡರು. ಒರೆಸಲಿಲ್ಲ.

ಅಕ್ಟೋಬರ್ 17, ಗುರುವಾರ

ಸಾಹೇಬರಿಗೆ ಟೆಸ್ಟಿನ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. ಬಾಗಿಲು ಮುಚ್ಚಿ ಬನ್ನಿ ಅಂದರು.

"ಗ್ಯಾರೇಜಿನವನು ಮಾಡಿದ್ದು ಗ್ಯಾರೇಜಿನವನ ತಲೆ ಮೇಲೆ. ನಮ್ಮ ಪಾರ್ಟ್ ಸರಿಯಾಗಿದೆ."

"ಸೂಕ್ತ ಅಂತ ಬರೆದವರು ನಾವು ಸಾರ್."

"ಕಾರು ಕಂಪನಿಯವರ ಹತ್ರ ನಾನು ಬಾಯಿಮಾತಲ್ಲಿ ಹೇಳ್ತೀನಿ. ನೀವು ಮೇಲ್ ಗೀಲ್ ಹಾಕೋಕೆ ಹೋಗ್ಬೇಡಿ."

ಹಾಕಿದೆ. ವಿಡಿಯೊ ಸಮೇತ, ಕಾರು ಕಂಪನಿಯ ಸೇಫ್ಟಿ ವಿಭಾಗಕ್ಕೆ. ಸಂಜೆ ಲಿಫ್ಟಿನಲ್ಲಿ ಸಾಹೇಬರು ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಕಳೆದುಕೊಂಡದ್ದೇನು.

ನವೆಂಬರ್ 19, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ. ಕಾರು ಕಂಪನಿಯಿಂದ ಮೊದಲು ಉತ್ತರವೇ ಇಲ್ಲ. ಆಮೇಲೆ ಉತ್ತರ ಬಂತು — ಪರಿಶೀಲನೆಯಲ್ಲಿದೆ.

ನನಗೊಂದು ಹುಚ್ಚು ಹತ್ತಿದೆ. ಆ ಮಾಡೆಲ್ ಎಲ್ಲಿ ಕಂಡರೂ ಕಿವಿ ಅತ್ತ. ಸ್ಪೀಡ್ ಬ್ರೇಕರ್ ಹತ್ತಿರ ನಿಂತು ಕೇಳುತ್ತೇನೆ. ಕಟಕಟ ಅಂದರೆ ಸಮಾಧಾನ. ಸದ್ದಿಲ್ಲದೆ ಹೋದರೆ ಮುಂದಿನ ಸೀಟಿನಲ್ಲಿ ಯಾರಿದ್ದಾರೆ ಅಂತ ನೋಡುವುದು. ನಿನ್ನೆ ಒಬ್ಬ ಹೆಂಗಸು ಗಾಜು ಇಳಿಸಿ, "ಏನ್ರೀ ಬೇಕಿತ್ತು?" ಅಂದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು.

ಇವತ್ತು ಲ್ಯಾಬಿಗೆ ಒಂದು ಡ್ಯಾಶ್‌ಬೋರ್ಡ್ ಬಂದಿದೆ. ಟೆಸ್ಟಿನದ್ದಲ್ಲ. ರಸ್ತೆಯಿಂದ ಬಂದದ್ದು. ಕಾರು ಕಂಪನಿಯವರು ಅಧ್ಯಯನಕ್ಕೆ ಅಂತ ಕಳಿಸಿದ್ದಾರೆ. ಪೆಟ್ಟಿಗೆ ವಾರೆ. ಹಿಂದೆ ರಬ್ಬರ್ — ಚಪ್ಪಲಿಯ ಅಟ್ಟೆ ಕತ್ತರಿಸಿದ್ದು. ಮುಚ್ಚಳದ ಅಂಚಿನಲ್ಲಿ ಉದ್ದ ಕೂದಲು ಅಂಟಿದೆ.

"ಯಾರು ಕೂತಿದ್ರು ಅಂತ ಕೇಳ್ಬೇಡಮ್ಮ" ಅಂದರು ಗೊಂಬೆಯಪ್ಪ. "ನಾನು ಕೇಳಿ ತಪ್ಪು ಮಾಡ್ದೆ."

ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಅವರೂ ತೆರೆಯಲಿಲ್ಲ.

ನವೆಂಬರ್ 27, ಬುಧವಾರ

ಕೊನೆಗೂ ಹಿಂದಕ್ಕೆ ಕರೆಸುತ್ತಾರಂತೆ, ಎಲ್ಲ ಕಾರನ್ನೂ. ಯಾವಾಗ ಅಂತ ಹೇಳಿಲ್ಲ. ಸಾಹೇಬರು ಮೀಟಿಂಗಿನಲ್ಲಿ "ನಾವೇ ಮೊದಲು ಎಚ್ಚರಿಸಿದ್ವಿ" ಅಂದರು. ನಗಬೇಕೋ ಅಳಬೇಕೋ.

ಅಕ್ಕನ ಫೋನು. ಹಾಸ್ಟೆಲ್ ಖಾಲಿ ಮಾಡಿಸಿ ಮಗಳನ್ನು ಕರೆತರಬೇಕು, ಭಾನುವಾರ ಎಲ್ಲರೂ ಹೋಗಿ ಬರೋಣ ಅಂತ. ಅಮ್ಮ ಆಗಲೇ ಹಸಿರು ಸೀರೆ ತೆಗೆದಿಟ್ಟಿದ್ದಾಳೆ. ಮನೆಯೊಳಗೇ ಇದ್ದು ಇದ್ದು ಬೇಜಾರಾಗಿದೆ ಅವಳಿಗೆ.

ಡಿಸೆಂಬರ್ 1, ಭಾನುವಾರ, ಮಧ್ಯಾಹ್ನ

ಹಾಸ್ಟೆಲ್ ಗೇಟಿನ ಮುಂದೆ. ಕಾರಿನಲ್ಲಿ ಒಬ್ಬಳೇ. ಉಳಿದವರು ಮೇಲೆ ಸಾಮಾನು ಕಟ್ಟುತ್ತಿದ್ದಾರೆ, ಅಮ್ಮ ಆಫೀಸಿನ ಬೆಂಚಿನಲ್ಲಿ.

ಬರುವಾಗ ದಾರಿಯುದ್ದಕ್ಕೂ ಭಾವ ಹಾಡು ಹಾಕಿದ್ದರು, ಜೋರಾಗಿ. ಅಮ್ಮನೂ ದನಿ ಸೇರಿಸಿದಳು. ಎಲ್ಲ ನಕ್ಕೆವು. ನಾನೂ ನಕ್ಕೆ. ಹಾಸ್ಟೆಲ್ ರಸ್ತೆಗೆ ತಿರುಗಿದ ಮೇಲೆ ಹಾಡು ನಿಲ್ಲಿಸಿದರು. ಜಲ್ಲಿ ಕಲ್ಲಿನ ರಸ್ತೆ. ಕಾರು ಎತ್ತೆತ್ತಿ ಹಾಕುತ್ತಿತ್ತು. ಡ್ಯಾಶ್‌ಬೋರ್ಡ್ ಒಳಗಿಂದ ಸದ್ದೇ ಇಲ್ಲ.

ಈಗಷ್ಟೇ ಕೈ ಹಾಕಿ ನೋಡಿದೆ. ಇದೆ.

ಭಾವ ಟ್ರಂಕ್ ಹೊತ್ತು ಬಂದರು. ಕೇಳಿದೆ.

"ಹೂಂ, ಮತ್ತೆ ಹಾಕಿಸ್ದೆ. ನೀನು ಹೇಳಿದ್ದು ಆ ಟೈರ್ ತುಂಡಿಗೆ ತಾನೆ? ಇದು ಬೇರೆ. ಗಟ್ಟಿ ಮಾಲು, ಅಂಟು ಹಾಕಿ ಕೂರಿಸಿದ್ದಾನೆ. ಈ ಜನ್ಮಕ್ಕೆ ಅಲ್ಲಾಡಲ್ಲ."

ಎಳೆದೆ. ಬರಲಿಲ್ಲ. ಸ್ಕ್ರೂಡ್ರೈವರ್ ಇದೆಯಾ ಅಂದರೆ, "ಹೊಸ ಕಾರು ಕಣಮ್ಮ, ಕೆರೀಬೇಡ" ಅಂತ ಕೈ ಹಿಡಿದರು. ಪೇಟೆಯ ಗ್ಯಾರೇಜು ಭಾನುವಾರ ಮುಚ್ಚಿದೆ. ಬಸ್ಸಿಗೆ ಹೋಗೋಣ ಅಂದೆ ಅಮ್ಮನಿಗೆ. "ಬಸ್ ಮೆಟ್ಲು ಹತ್ತೋ ಮಂಡಿಯೇನೆ ಇದು?" ಅಂದಳು. ಟ್ಯಾಕ್ಸಿ ಅಂದೆ. ಭಾವನಿಗೆ ಸಿಟ್ಟು ಬಂತು. ಅಕ್ಕ ಕಣ್ಣಲ್ಲೇ, ಬಿಡೇ ಈಗ, ಅಂದಳು. ಮಗಳು ರೂಮಿನ ಕೀ ಕೊಟ್ಟು ಬಂದಾಗಿದೆ.

ಐದು ಜನ. ಮುಂದಿನ ಸೀಟು ಖಾಲಿ ಬಿಡುವ ಹಾಗಿಲ್ಲ. ಅಮ್ಮ ಕೋಲು ಊರಿಕೊಂಡು ಮುಂದಿನ ಬಾಗಿಲಿಗೇ ಬರುತ್ತಿದ್ದಾಳೆ.

ಡಿಸೆಂಬರ್ 1, ಸಂಜೆ

ಓಡುವ ಕಾರಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಮುಂದೆ ನಾನು ಕೂತೆ. ಹಿಂದೆ ಕೂತರೆ ತಲೆ ಸುತ್ತುತ್ತೆ, ವಾಂತಿ ಬರುತ್ತೆ ಅಂತ ಸುಳ್ಳು ಹೇಳಿದೆ. ಅಮ್ಮ ಗೊಣಗಿಕೊಂಡೇ ಹಿಂದೆ ಹತ್ತಿದಳು. ಮಂಡಿ ಚಾಚಲು ಜಾಗ ಬೇಕಲ್ಲ — ನನ್ನ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಿದ್ದೇನೆ. ಮೊಣಕಾಲು ಗ್ಲವ್‌ಬಾಕ್ಸಿಗೆ ಒತ್ತುತ್ತಿದೆ. ಮುಚ್ಚಳ ಎದುರಿಗೇ ಇದೆ, ಕೈ ಚಾಚುವುದೂ ಬೇಡ. ಅದನ್ನು ನೋಡಬಾರದು ಅಂತಲೇ ಬರೆಯುತ್ತಿದ್ದೇನೆ. ಬೆಲ್ಟ್ ಹಾಕಿದ್ದೇನೆ. ಗೊಂಬೆಗೂ ಹಾಕಿದ್ದೆವು.

ಹೆದರಿಕೆಯಾಗುತ್ತಿದೆ. ಯಾರ ಹತ್ತಿರ ಹೇಳುವುದು, ಹೇಳಿದರೆ ಅಮ್ಮ ಇಳಿದು ಮುಂದೆ ಬರುತ್ತಾಳೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಆ ರಬ್ಬರ್ ಕೊಯ್ದು ತೆಗೆಯುವುದು. ಭಾವ ಬೈದರೆ ಬೈಯಲಿ.

ಕತ್ತಲಾಗುವುದರೊಳಗೆ ಮನೆ ಸೇರಬೇಕು ಅಂತ ಭಾವ ಓಡಿಸುತ್ತಿದ್ದಾರೆ. ಮೆಲ್ಲಗೆ ಅಂದೆ. ಪೂರ್ತಿ ನನ್ನ ಕಡೆ ತಿರುಗಿ, "ಏನಂದೆ?" ಅಂದರು. ಅವರಿಗೆ ಅದೊಂದು ಚಾಳಿ, ಯಾರ ಜೊತೆ ಮಾತಾಡಿದರೂ ಮುಖ ನೋಡಿಯೇ ಮಾತಾಡಬೇಕು. ರಸ್ತೆ ನೋಡಿ ಭಾವ, ಅಂದೆ. ಅದಕ್ಕೂ ತಿರುಗಿದರು. ಆಮೇಲೆ ಮಾತು ನಿಲ್ಲಿಸಿದ್ದೇನೆ.

ಮಕ್ಕಳು ಮಲಗಿದ ಮನೆಯ ಹಾಗಿದೆ ಕಾರು, ಅಷ್ಟು ನಿಶ್ಶಬ್ದ. ಅಕ್ಕ, ಮಗಳು ಇಬ್ಬರಿಗೂ ನಿದ್ದೆ.

ಅಮ್ಮನಿಗೆ ಹಿಂದಿನಿಂದ ರಸ್ತೆ ಕಾಣುವುದಿಲ್ಲವಂತೆ. ಬೆಲ್ಟ್ ಬಿಚ್ಚಿದಳೋ ಏನೋ, ಟಕ್ ಅಂತ ಸದ್ದಾಯಿತು. ಎರಡು ಸೀಟಿನ ನಡುವೆ ತೂರಿ ಬಂದು ನನ್ನ ಭುಜದ ಮೇಲೆ ಗಲ್ಲ ಊರಿದ್ದಾಳೆ. ಎಣ್ಣೆ ಹಚ್ಚಿದ ತಲೆಯ ವಾಸನೆ. "ಏನೇ ಬರೀತಿದ್ದೀಯ?" ಅನ್ನುತ್ತಿದ್ದಾಳೆ. ಹಿಂದೆ ಒರಗಿ ಕೂತ್ಕೊ ಅಂದೆ. ಕಿವಿ ಮೇಲೆ ಹಾಕಿಕೊಳ್ಳುತ್ತಿಲ್ಲ.

ಮುಂದೊಂದು ಲಾರಿ. ಹಿಂದಿನ ದೀಪ ಒಂದೇ ಉರಿಯುತ್ತಿದೆ. ತೀರ ಹತ್ತಿರವಾಗುತ್ತಿದೆ, ಭಾವನಿಗೆ ಕಂಡಿದೆಯೋ ಇಲ್ಲವೋ. ಹೇಳಬೇಕು. ಹೇಳಿದರೆ ನನ್ನ ಕಡೆ ತಿರುಗುತ್ತಾರೆ.

ಅಮ್ಮ, ಭುಜ ಬಿಡು. ಹಿಂದಕ್ಕೆ