ಭಾವ ಕೋಟೆ ನೋಡಿದ್ದು

ಬೂಷೆಲ್ ಕೋಟೆಯ ಕಾವಲುಮನೆ,
ಬ್ರೆನ್ ಕೆರೆಸೀಮೆ,
ಜೂನ್ 14, ಮಂಗಳವಾರ

ನನ್ನ ಎಡ್ಮೆ ಅಕ್ಕನಿಗೆ,

ತಮ್ಮ ಫಿರ್ಮಿನ್ ಮತ್ತು ಅವನನ್ನು ಸಹಿಸಿಕೊಂಡಿರುವ ಹೆಂಡತಿ ಗಿಲೆನ್, ಇಬ್ಬರ ಅಪ್ಪುಗೆ. ಮೊದಲು ಬೈಸಿಕೊಳ್ಳುವ ಕೆಲಸ ಮುಗಿಸಿಬಿಡುತ್ತೇನೆ. ಒಕ್ತಾವ್ ಭಾವ ಇಲ್ಲಿಗೆ ಬಂದು ಆರು ದಿನವಾಯಿತು, ನಿನಗೆ ಒಂದು ಸಾಲೂ ಬರೆಯಲಿಲ್ಲ. ಪೆನ್ನು ಇತ್ತು, ಕಾಗದ ಇತ್ತು, ಕೈಗೆ ಮಾತ್ರ ಸೋಮಾರಿತನ ಹತ್ತಿತ್ತು. ಈಗ ಭಾವ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಗೊರಕೆ ಏರುವ ರೀತಿ ಕೇಳಿದರೆ ಹಳೇ ಚಾಲಕರ ಬಸ್ಸು ಇನ್ನೂ ಎರಡನೇ ಗೇರಿನಲ್ಲಿದೆ. ಅದು ನಿಲ್ಲುವುದರೊಳಗೆ ಬರೆದು ಮುಗಿಸಬೇಕು.

ಪ್ಲಮ್ ಜಾಮಿನ ಡಬ್ಬಿಯ ಕೆಳಗೆ ನೀನು ಮಡಿಚಿಟ್ಟಿದ್ದ ಚೀಟಿ ಗಿಲೆನ್‌ಗೆ ಸಿಕ್ಕಿತು. ಆರೋಪಿಯ ಕೈಯಲ್ಲೇ ಆರೋಪಪಟ್ಟಿ ಕೊಟ್ಟು ಕಳಿಸಿದವಳು ನೀನೊಬ್ಬಳೇ ಇರಬೇಕು. "ನಿನ್ನ ಭಾವನಿಗೆ ನಿಜಕ್ಕೂ ಎಷ್ಟು ಕಣ್ಣು ಕಾಣುತ್ತದೆ ನೋಡಿ ಬರೆ. ಡಾಕ್ಟರ ಹತ್ತಿರ ಬರಲೊಲ್ಲರು, ನನ್ನ ಹತ್ತಿರ ಒಪ್ಪಲೊಲ್ಲರು. ಆಗಸ್ಟಿನಲ್ಲಿ ಲೀಸ್‌ಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಲಿಗೆ ಹೋಗುತ್ತೇನೆ ಎಂದು ಮಗುವಿಗೆ ಮಾತು ಕೊಟ್ಟಿದ್ದಾರೆ. ಫೋನಿನಲ್ಲಿ ಹೇಳಬೇಡ, ಪಕ್ಕದಲ್ಲೇ ಇರುತ್ತಾರೆ" ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಮೂರು ಸಲ ಓದಿದೆ. ಏಳು ವರ್ಷದ ಮೊಮ್ಮಗಳು ಹಿಂದಿನ ಸೀಟಿನಲ್ಲಿ, ಮುಂದೆ ಸ್ಟಿಯರಿಂಗ್ ಹಿಡಿದ ಅಜ್ಜ. ನೀನು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಅದಕ್ಕೇ ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತಿದ್ದೇನೆ.

ಕಾರು ಗ್ಯಾರೇಜಿನಲ್ಲಿದೆ ಎಂಬ ನಿನ್ನ ಸುಳ್ಳನ್ನು ನಂಬಿ ಬಸ್ಸಿನಲ್ಲಿ ಬಂದರು. ಇಳಿಯುವಾಗ ಚಾಲಕನಿಗೆ ಉಪದೇಶ ಬೇರೆ: "ಮರೀ, ತಿರುವಿನಲ್ಲಿ ನಿನ್ನ ಬಸ್ಸು ಅಳ್ತಾ ಇತ್ತು. ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದಿದ್ದೀಯಾ?" ಆ ಹುಡುಗ ನನ್ನ ಮುಖ ನೋಡಿದ. ನಾನು ಪೆಟ್ಟಿಗೆ ನೋಡಿದೆ.

ಮೊದಲ ರಾತ್ರಿಯ ಊಟದ ಮೇಜಿನಲ್ಲೇ ತಮ್ಮ ಆಸೆ ಹೇಳಿದರು. ಮೂವತ್ತೊಂದು ವರ್ಷ ಪ್ರವಾಸಿಗರ ಬಸ್ಸು ಓಡಿಸಿದರಲ್ಲ, ಒಂದೇ ಒಂದು ಕೋಟೆಯ ಒಳಗೂ ಕಾಲಿಟ್ಟಿಲ್ಲವಂತೆ! ಬಸ್ಸು ನಿಲ್ಲಿಸಿ, ಮರದ ನೆರಳು ಹಿಡಿದು, ರೊಟ್ಟಿ ಚೀಸ್ ತಿಂದು, ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗುವುದೇ ಇವರ ಶಾಂಬೋರ್ ಕೋಟೆಯ ದರ್ಶನ. ಜನರನ್ನು ಇಳಿಸುವಾಗ ಹೇಳುತ್ತಿದ್ದ ಪದ್ಯ ಇನ್ನೂ ಬಾಯಲ್ಲಿದೆ:

"ಅರಮನೆ ನಿಮಗೆ, ನೆರಳು ನನಗೆ,
ನಾಲ್ಕಕ್ಕೆ ಹೊರಡ್ತೀನಿ ಊರ ಕಡೆಗೆ,
ಬರದಿದ್ರೆ ನಿಮ್ಮ ಹಣೆಬರಹ ನಿಮಗೆ."

"ಈಗ ನಾನೂ ಒಳಗೆ ಹೋಗ್ಬೇಕು ಕಣೋ ಫಿರ್ಮಿನ್" ಎಂದರು. "ಮೊದಲು ದೊಡ್ಡದು, ಆಮೇಲೆ ಹಕ್ಕಿ ಕೆರೆ. ನಿಮ್ಮ ಕೋಟೆ, ನಿಮ್ಮ ಕೆರೆ ಕೊನೆಗೆ. ಊಟದ ಮೇಲೆ ಸಿಹಿ ತಿನ್ನೋ ಹಾಗೆ."

ಶುಕ್ರವಾರ ಶಾಂಬೋರಿಗೆ ಹೊರಟೆವು. ಕಾರು ನಾನೇ ಓಡಿಸಿದೆ. ಭಾವ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕು ಒತ್ತಿದರು. ನನ್ನ ಕಾರಿನ ನೆಲ ಇನ್ನೊಂದು ವಾರ ಬಾಳಿದರೆ ಹೆಚ್ಚು. ಗಿಲೆನ್ ಹಿಂದಿನಿಂದ ಏನೋ ಹೇಳಹೊರಟರೆ, "ಹದಿನಾಲ್ಕನೇ ಸೀಟು, ಓಡೋ ಬಸ್ಸಲ್ಲಿ ಎದ್ದು ನಿಲ್ಲಬಾರದು!"

"ಭಾವ, ನಾನು ಕೂತೇ ಇದ್ದೀನಿ."

"ನಿನ್ನ ದನಿ ಎದ್ದು ನಿಂತಿದೆಯಮ್ಮ."

ಅಲ್ಲಿ ಹೋದಮೇಲೆ ಮೊದಲು ನೋಡಿದ್ದು ಕೋಟೆಯನ್ನಲ್ಲ, ಬಸ್ಸು ನಿಲ್ಲಿಸುತ್ತಿದ್ದ ಜಾಗವನ್ನು. ಮರ ಕಡಿದುಬಿಟ್ಟಿದ್ದಾರೆಂದು ಬಯಲಿನಲ್ಲಿ ನಿಂತು ಟೋಪಿ ತೆಗೆದರು, ಸಾವಿನ ಮನೆಗೆ ಬಂದವರ ಹಾಗೆ. ಬಾಗಿಲಲ್ಲಿ ಟಿಕೆಟ್ ಹರಿಯುವ ಹುಡುಗಿಗೆ, "ನಾನು ಇಲ್ಲಿಗೆ ಇಡೀ ಒಂದು ಪಟ್ಟಣದ ಜನಾನೇ ತಂದು ಸುರಿದಿದ್ದೀನಿ ಮಗಳೇ. ಒಬ್ಬರೂ ನನಗೆ ಒಳಗೇನಿದೆ ಅಂತ ಹೇಳ್ಲಿಲ್ಲ. ಕಾಲು ನೋವು ಅಂತ ಮಾತ್ರ ಹೇಳಿದ್ರು" ಎಂದರು. ಅವಳು ನಕ್ಕು, ಕೈಹಿಡಿದು ಹೊಸ್ತಿಲು ದಾಟಿಸಿದಳು. ಚೆಂದದ ಹುಡುಗಿ ಕೈ ಹಿಡಿದರೆ ಬೇಡ ಅನ್ನುವ ಗಂಡಸು ನಮ್ಮ ವಂಶದಲ್ಲೂ ಇಲ್ಲ, ಭಾವನ ವಂಶದಲ್ಲೂ ಇಲ್ಲ. ಹಾಗಾಗಿ ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಒಳಗೆ ಆ ಜೋಡಿ ಸುರುಳಿ ಮೆಟ್ಟಿಲು ಇದೆಯಲ್ಲ, ಒಂದರಲ್ಲಿ ಹತ್ತುವವನಿಗೂ ಇನ್ನೊಂದರಲ್ಲಿ ಇಳಿಯುವವನಿಗೂ ಎಂದೂ ಡಿಕ್ಕಿಯಾಗದು, ಅದರಲ್ಲಿ ಪಂದ್ಯ ಕಟ್ಟೋಣ ಎಂದರು. ನಾನೊಂದರಲ್ಲಿ, ಅವರೊಂದರಲ್ಲಿ. ಗೋಡೆ ಹಿಡಿದು ಮೆಟ್ಟಿಲೆಣಿಸುತ್ತ ಹತ್ತಿದರು. ಎಣಿಕೆ ನನಗೂ ಕೇಳುತ್ತಿತ್ತು. ಎಪ್ಪತ್ತೊಂದರ ಮುದುಕ ನನಗಿಂತ ಮೊದಲೇ ಮಾಳಿಗೆ ಮುಟ್ಟಿ ಪ್ರಾಸ ಬಿಟ್ಟರು:

"ಮೆಟ್ಟಿಲು ಎರಡು, ದಾರಿ ಎರಡು,
ಮಂಡಿ ಮಾತ್ರ ಎರಡೂ ಬರಡು!"

ನಾನು ಏದುಸಿರು ಬಿಡುತ್ತ, "ಬರಡಾದ್ರೂ ಗೆದ್ದಿರಲ್ಲ ಭಾವ" ಎಂದರೆ, "ನೀನು ದೊರೆಯ ಹಾಗೆ ಹತ್ತಿದೆ, ನಾನು ಸೇವಕರ ಹಾಗೆ ಹತ್ತಿದೆ. ಅಷ್ಟೇ ವ್ಯತ್ಯಾಸ" ಎಂದರು. ಚಿತ್ರಪಟಗಳ ಕೋಣೆಯಲ್ಲಿ, "ಈ ದೊರೆಗಳಿಗೆಲ್ಲ ಒಂದೇ ಮೂಗು. ಬರೆದವನಿಗೆ ಮೂಗೊಂದೇ ಬರ್ತಿತ್ತೋ, ಇವರಮ್ಮಂದಿರಿಗೆ ಬರೋ ನೆಂಟ ಒಬ್ಬನೇನೋ" ಎಂದು ಗಟ್ಟಿಯಾಗಿ ಹೇಳಿದರು. ಪಕ್ಕದಲ್ಲಿದ್ದ ಪಾದ್ರಿಯೊಬ್ಬರು ಬೇಗ ಮುಂದಿನ ಕೋಣೆಗೆ ಹೋದರು. ಮೂಗು ಕಾಣುವವರಿಗೆ ರಸ್ತೆ ಕಾಣದೇ ಇರುತ್ತದೆಯೇ ಎಂದು ನಾನು ಆಗ ಅಂದುಕೊಂಡೆ, ಅಕ್ಕ. ಅಂದುಕೊಳ್ಳಲು ಸುಲಭವಾಗಿತ್ತು.

ಶನಿವಾರ ಹಕ್ಕಿ ಕೆರೆಗೆ ಹೋದೆವು. ನೀರಿನ ಅಂಚಿನಲ್ಲಿ ಮರದ ಹಲಗೆಯ ಮರೆ ಕಟ್ಟಿದ್ದಾರೆ. ಕಿಂಡಿಯಲ್ಲಿ ದುರ್ಬೀನು ಇಟ್ಟು ಉಸಿರು ಹಿಡಿದು ಕೂರಬೇಕು. ಭಾವ ದುರ್ಬೀನು ಬೇಡವೆಂದರು. ನಾನು ಕಣ್ಣು ಕಿರಿದು ಮಾಡಿ ಹುಡುಕುವಷ್ಟರಲ್ಲಿ, "ಗುಳುಮುಳುಕ, ಎಡಕ್ಕೆ. ಜೊಂಡಿನೊಳಗೆ ಬಕ" ಎಂದು ಒಪ್ಪಿಸಿದರು. ಪ್ಯಾರಿಸ್ಸಿನಿಂದ ಬಂದ ದಂಪತಿ, ಕತ್ತಿನಲ್ಲಿ ಎರಡೆರಡು ದುರ್ಬೀನು ಇದ್ದವರು, ಬೆರಗಾಗಿ "ತಮ್ಮ ಕಣ್ಣಿಗೆ ದೃಷ್ಟಿ ತೆಗೀಬೇಕು" ಎಂದರು. ಭಾವ ಟೋಪಿ ತುಸು ಎತ್ತಿ, "ಸರ್ಕಾರಿ ಕಣ್ಣು ತಾಯೀ, ಮೂವತ್ತೊಂದು ವರ್ಷ ಒಂದು ಕೋಳಿ ಮೇಲೂ ಬಸ್ಸು ಹಾಯಿಸಿಲ್ಲ" ಎಂದರು. ಹಕ್ಕಿಗಳೆಲ್ಲ ಕೂಗುತ್ತಿದ್ದವು ಎಂಬುದನ್ನೂ ಬರೆಯಬೇಕು. ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತೇನೆ ಎಂದೆನಲ್ಲ.

ಭಾನುವಾರ ನಮ್ಮ ಬೂಷೆಲ್ ಕೋಟೆ ತೋರಿಸಿದೆ. ಸಿಹಿಯ ಸರದಿ. ಬೀಗದ ಗೊಂಚಲು ನನ್ನದೇ ಆದ್ದರಿಂದ ಹಗ್ಗ ಕಟ್ಟಿ ಅಡ್ಡಗಟ್ಟಿದ ಕಡೆಯೂ ಬಿಟ್ಟೆ. ಒಡತಿಯ ಮಂಚದ ಮೇಲೆ ಕುಳಿತು, "ನಮ್ಮ ಬಸ್ಸಿನ ಸೀಟೇ ವಾಸಿ" ಎಂದು ತೀರ್ಪು ಕೊಟ್ಟರು. ಆಮೇಲೆ ಹಿಂದಿನ ಏರಿ ಹತ್ತಿ ಕೆರೆಯ ಕಡೆಗೂ ಹೋದೆವು. ತುಂಬಾ ಹೊತ್ತು ನಿಂತರು. ನಿನ್ನ ವಿಷಯ ಮಾತಾಡಿದರು. ಗಾಳಿ ಚೆನ್ನಾಗಿತ್ತು.

ಊಟಕ್ಕೆ ಗಿಲೆನ್ ಆಲೂಗಡ್ಡೆ ರೊಟ್ಟಿ, ಹೊಗೆಯಲ್ಲಿಟ್ಟ ಗೆಂಡೆ ಮೀನು ಮಾಡಿದ್ದಳು. ಭಾವ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ನಿನ್ನ ಮಂಡಿ ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿಸುವ ವ್ಯಾಯಾಮದ ಹೆಂಗಸನ್ನು ಬೈದು ಓಡಿಸಿದೆಯಂತೆ, ಭಾವ ಹೆಮ್ಮೆಯಿಂದ ಹೇಳಿದರು. ಅವಳನ್ನು ವಾಪಸ್ ಕರೆಸು. ನಿನ್ನ ಬಾಯಿ ನಡೆದಷ್ಟು ಮಂಡಿಯೂ ನಡೆಯಬೇಕು. ಲೀಸ್‌ಗೆ ನನ್ನ ಮುತ್ತು, ಆಶೀರ್ವಾದ. ಅವಳ ಮುಂದಿನ ಹಲ್ಲುಗಳು ಬೇಗ ಹುಟ್ಟಲಿ, ಸೇಬು ಕಚ್ಚುವಂತಾಗಲಿ. ತಮ್ಮನಾದವನು ಅಕ್ಕನಿಗೆ ಆಶೀರ್ವಾದ ಮಾಡುವಂತಿಲ್ಲ. ನೀನು ನನಗೆ ಮಾಡು, ಈ ಸಲ ಸ್ವಲ್ಪ ಹೆಚ್ಚು ಬೇಕಾಗಿದೆ.

ನಿನ್ನ ತಮ್ಮ,
ಫಿರ್ಮಿನ್

ತಾ.ಕ.: ಸಹಿ ಹಾಕಿ ಆಯಿತು. ಲಕೋಟೆ ಅಂಟಿಸಲಾಗಲಿಲ್ಲ.

ಅಕ್ಕ, ಈ ವರ್ಷ ನಮ್ಮ ಕೆರೆಯಲ್ಲಿ ನೀರಿಲ್ಲ. ಎಂಟು ವರ್ಷಕ್ಕೊಮ್ಮೆ ತೂಬು ಎತ್ತಿ, ಮೀನು ಹಿಡಿದು, ಒಂದಿಡೀ ವರ್ಷ ಕೆರೆಯನ್ನು ಒಣಗಲು ಬಿಡುವುದನ್ನು ಅಪ್ಪನ ಕಾಲದಿಂದ ನೀನೂ ನೋಡಿದವಳೇ. ಈ ಸಲ ಅದರ ಸರದಿ. ನವೆಂಬರಿನಲ್ಲಿ ಖಾಲಿ ಮಾಡಿದೆ, ಮಾರ್ಚಿನಲ್ಲಿ ಕೆರೆಯಂಗಳಕ್ಕೆ ಓಟ್ಸ್ ಬಿತ್ತಿದೆ. ಭಾವನಿಗೆ ಮೊದಲೇ ಹೇಳಲಿಲ್ಲ. "ಕೆರೆ ಎಲ್ಲಿ ಹೋಯ್ತೋ?" ಎಂದು ಅವರು ಬಾಯಿ ಬಿಡಬೇಕು, "ಈ ದೇಶದಲ್ಲಿ ಕೆರೆಗೂ ರಜೆ ಇದೆ ಭಾವ" ಎಂದು ನಾನು ಹೇಳಬೇಕು, ಮೂವರೂ ನಗಬೇಕು. ತಮಾಷೆ ತಯಾರು ಮಾಡಿಟ್ಟುಕೊಂಡು ಏರಿ ಹತ್ತಿಸಿದೆ.

ಹಸಿರು ಪೈರು ಗಾಳಿಗೆ ಬೆಳ್ಳಗೆ ಹೊರಳುತ್ತಿತ್ತು. ಭಾವ ನಿಂತರು, ನೋಡಿದರು. "ಅಬ್ಬಾ! ಈ ಸಲ ದಂಡೆವರೆಗೂ ತುಂಬಿದೆಯಲ್ಲೋ! ಅಲೆ ನೋಡು. ಕೋಟೆ ತಲೆಕೆಳಗಾಗಿ ಎಷ್ಟು ಚೆಂದ ಬಿದ್ದಿದೆ. ನಿಮ್ಮಕ್ಕನ್ನ ಮೊದಲು ನೋಡಿದಾಗ್ಲೂ ಹೀಗೇ ಇತ್ತು. ಇಲ್ಲೇ ನಿಂತು ಒದ್ದೆ ಲಂಗ ಹಿಂಡ್ಕೋತಾ ನನ್ನ ಬೈತಾ ಇದ್ಲು."

ಗಿಲೆನ್ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು "ಹೌದು ಭಾವ, ಮಳೆ ಚೆನ್ನಾಗಿತ್ತು" ಎಂದೆ. ಮೂವತ್ತು ವರ್ಷದಿಂದ ಆ ಕೆರೆಯ ನೀರು ಕಾಯುವವನು ನಾನು. ಅದರ ಬಗ್ಗೆ ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ಅವರು ಬಗ್ಗಿ, ಕೈಯಾಡಿಸಿ ಒಂದು ಚಪ್ಪಟೆ ಕಲ್ಲು ಹುಡುಕಿ, ನೀರ ಮೇಲೆ ಕುಪ್ಪಳಿಸುವ ಹಾಗೆ ಬೀಸಿ ಎಸೆದರು. ನೀರಿನ ಸದ್ದು ಬರಲಿಲ್ಲ, ಪೈರು ಮಾತ್ರ ಸರಸರ ಎಂದಿತು. ತಲೆ ವಾಲಿಸಿ ಕಾದರು. ನಾನೂ ಕಾದೆ, ಏನೋ ಬಂದೀತೆಂಬ ಹಾಗೆ. ಇನ್ನೊಂದು ಕಲ್ಲು ಎತ್ತಿಕೊಂಡರು, ಎಸೆಯಲಿಲ್ಲ, ಕೆಳಗಿಟ್ಟರು.

ಏರಿ ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡರು. ಕೆಳಗೆ ಬಂದಮೇಲೂ ಬಿಡಲಿಲ್ಲ.

"ಓಟ್ಸಾ?" ಎಂದು ಕೇಳಿದರು.

"ಓಟ್ಸು ಭಾವ."

"ಚೆನ್ನಾಗಿ ಬಂದಿದೆಯಾ?"

"ಸೊಂಟದೆತ್ತರ."

ಸ್ವಲ್ಪ ದೂರ ನಡೆದ ಮೇಲೆ, "ಎಡ್ಮೆಗೆ ನೀನೇ ಬರಿ. ನನಗೆ ಬಾಯಿ ಬರಲ್ಲ. ಮಗೂನ ಕಡಲಿಗೆ ರೈಲಲ್ಲೇ ಕರ್ಕೊಂಡು ಹೋಗ್ತೀನಿ ಅಂತಾನೂ ಬರಿ" ಎಂದರು. ಅಷ್ಟೇ. ಪ್ರಾಸ ಹಾಕಲಿಲ್ಲ.

ಶನಿವಾರ ನಾಲ್ಕೂವರೆಯ ಬಸ್ಸಿಗೆ ಬರುತ್ತಾರೆ. ನೀನು ಕೋಲು ಹಿಡಿದಾದರೂ ನಿಲ್ದಾಣಕ್ಕೆ ಬಾ. ದೂರ ನಿಂತು ಕೈ ಬೀಸಬೇಡ ಅಕ್ಕ. ಬಾಗಿಲ ಹತ್ತಿರ ಬಂದು "ಒಕ್ತಾವ್, ಇಲ್ಲಿದ್ದೀನಿ" ಅನ್ನು.